ನಾನು ಫಾಸ್ಟರ್ ಮಾಡೋ ಅನಿಮಲ್ ಶೆಲ್ಟರ್ ಹೇಗಿದೆ? ಇದ್ದದ್ದು ಇದ್ದ ಹಾಗೆ ಬರ್ದಿದೀನಿ

ಮೊದಲೇ ಹೇಳ್ಬಿಡ್ತೀನಿ, ಈ ಶೆಲ್ಟರ್‌ಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ. ಒಂದು ಯಾಕೆ ಹಿಡ್ಕೊಂಡೆ ಅನ್ನೋದು ಮುಂದೆ ಬರತ್ತೆ. ನಾಲ್ಕು ಕೊಟ್ಟಿರೋದು ಮುಖ್ಯವಾಗಿ ಒಂದೇ ಕಾರಣಕ್ಕೆ, ಇವ್ರು ಪ್ರಾಣಿ ಬಗ್ಗೆ ಏನನ್ನೂ ಮುಚ್ಚಿಡಲ್ಲ. ಕಚ್ಚಿದ್ರೆ ಕಚ್ಚಿದೆ ಅಂತಾರೆ, ಮನೆ ಒಳಗೆ ಉಚ್ಚೆ ಮಾಡತ್ತೆ ಅಂದ್ರೆ ಮಾಡತ್ತೆ ಅಂತಾರೆ, ಬದುಕೋದು ಕಷ್ಟ ಇದೆ ಅಂದ್ರೆ ಅದನ್ನೂ ಮುಖ ನೋಡ್ಕೊಂಡೇ ಹೇಳ್ತಾರೆ. ನಾನು ಇವ್ರ ಹತ್ರ ಹಾಲು ಕುಡಿಯೋ ಬೆಕ್ಕಿನ ಮರಿಗಳು, ಹೆದರ್ಕೊಂಡಿರೋ ದೊಡ್ಡ ನಾಯಿ, ವಯಸ್ಸಾದ ನಾಯಿ ಎಲ್ಲಾ ತಂದು ಸಾಕಿ ವಾಪಸ್ ಕೊಟ್ಟಿದೀನಿ, ಹಾಗಾಗಿ ರೆಸ್ಕ್ಯೂ ಕಾಲ್‌ನಿಂದ ಹಿಡಿದು ಹೊಸ ಮನೆ ಸೇರೋವರೆಗೂ ಒಳಗೆ ಹೇಗೆ ನಡೆಯತ್ತೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಫಾಸ್ಟರ್ ಮಾಡ್ಬೇಕು ಅಂತ ಮನಸ್ಸಲ್ಲಿ ಇಟ್ಕೊಂಡು ಧೈರ್ಯ ಸಾಲದೇ ಕೂತಿರೋರಿಗೆ ಉಪಯೋಗ ಆಗ್ಲಿ.

ಗೊತ್ತಿಲ್ದೇ ಇರೋರಿಗೆ ಒಂದು ಮಾತು. ಫಾಸ್ಟರ್‌ನಲ್ಲಿ ಪ್ರಾಣಿ ಶೆಲ್ಟರ್‌ದೇ ಆಗಿರತ್ತೆ, ಡಾಕ್ಟರ್ ಖರ್ಚು ಔಷಧಿ ಖರ್ಚು ಅವ್ರದ್ದೇ, ನಾವು ಕೊಡೋದು ಮನೇಲಿ ಒಂದು ಜಾಗ, ನಮ್ಮ ಸಮಯ, ನಿದ್ದೆ. ಮರಿ ದೊಡ್ದಾಗೋವರೆಗೆ, ಇಲ್ಲಾ ಗಾಯ ವಾಸಿ ಆಗೋವರೆಗೆ, ಇಲ್ಲಾ ಯಾರಾದ್ರೂ ದತ್ತು ತಗೊಳ್ಳೋವರೆಗೆ ಅಷ್ಟೇ.

ರೆಸ್ಕ್ಯೂ ಕಾಲ್ ವಿಷಯ. ಫೋನ್ ಮಾಡಿದ ತಕ್ಷಣ ಗಾಡಿ ಕಳಿಸ್ತಾರೆ ಅಂದ್ಕೋಬೇಡಿ, ಮೊದಲು ಪ್ರಶ್ನೆ ಕೇಳ್ತಾರೆ, ಕೆಲವ್ರಿಗೆ ಇದಕ್ಕೆ ಸಿಟ್ಟು ಬರತ್ತೆ, ಜೀವ ಹೋಗ್ತಿದೆ ಇವ್ರು ಇಂಟರ್‌ವ್ಯೂ ಮಾಡ್ತಾರೆ ಅಂತ. ಆದ್ರೆ ಆ ಪ್ರಶ್ನೆಗಳಿಂದ್ಲೇ ಎಷ್ಟೋ ಮರಿ ತಾಯಿ ಹತ್ರಾನೇ ಉಳ್ಕೊಂಡಿವೆ. ಬೆಕ್ಕಿನ ಮರಿ ಅನಾಥ ಬಿದ್ದಿದೆ ಅಂತ ಫೋನ್ ಬಂದ್ರೆ ಅವ್ರು ಕೇಳೋದು, ಮರಿ ಮೈ ಬೆಚ್ಚಗಿದ್ಯಾ ತಣ್ಣಗಿದ್ಯಾ, ಕ್ಲೀನಾಗಿದ್ಯಾ ಕೊಳೆ ಆಗಿದ್ಯಾ, ಸುಮ್ನೆ ಮಲಗಿದ್ಯಾ ಒಂದೇ ಸಮ ಕಿರುಚ್ತಿದ್ಯಾ. ತಾಯಿ ಬೆಕ್ಕು ಊಟ ಹುಡುಕ್ಕೊಂಡು ಹೋದ್ರೆ ಗಂಟೆಗಟ್ಲೆ ಬರದೇ ಇರಬಹುದು, ಇಲ್ಲಾ ಮರಿಗಳನ್ನ ಒಂದೊಂದೇ ಬೇರೆ ಜಾಗಕ್ಕೆ ಸಾಗಿಸ್ತಾ ಇರಬಹುದು, ಅಷ್ಟರಲ್ಲಿ ನಾವು ಎತ್ಕೊಂಡು ಬಂದ್ರೆ ಅದು ರೆಸ್ಕ್ಯೂ ಅಲ್ಲ, ತಾಯಿಂದ ಕಿತ್ಕೊಂಡಿದ್ದು. ಮೈ ಕ್ಲೀನಾಗಿ ಹೊಟ್ಟೆ ದುಂಡಗಿದ್ದು ನಿದ್ದೆ ಮಾಡ್ತಿದ್ರೆ ತಾಯಿ ಹತ್ರದಲ್ಲೇ ಇದಾಳೆ ಅಂತ ಅರ್ಥ. ದೂರ ಹೋಗಿ ನಿಂತು ನೋಡಿ, ಅನುಮಾನ ಇದ್ರೆ ಸುತ್ತ ಸ್ವಲ್ಪ ಹಿಟ್ಟು ಉದುರಿಸಿ, ಹೆಜ್ಜೆ ಗುರುತು ಬಿದ್ರೆ ಬಂದು ಹೋಗಿದಾಳೆ ಅಂತ ಗೊತ್ತಾಗತ್ತೆ ಅಂತಾರೆ. ಮೈ ತಣ್ಣಗಿದ್ರೆ, ಗಾಯ ಆಗಿದ್ರೆ, ಇರುವೆ ಮುತ್ತಿದ್ರೆ ಮಾತ್ರ ಕಾಯದೇ ಎತ್ಕೊಳ್ಳಿ. ಹಕ್ಕಿ ಮರಿ ವಿಷಯದಲ್ಲೂ ಹಂಗೇ, ಪುಕ್ಕ ಬಂದಿರೋ ಮರಿ ನೆಲದ ಮೇಲೆ ಕುಪ್ಪಳಿಸ್ತಿದ್ರೆ ಅದು ಹಾರೋದು ಕಲೀತಿರೋದು, ಅಪ್ಪ ಅಮ್ಮ ಮೇಲಿಂದ ನೋಡ್ತಾನೇ ಇರ್ತಾವೆ. ಮನುಷ್ಯ ಮುಟ್ಟಿದ್ರೆ ತಾಯಿ ಹಕ್ಕಿ ಸೇರಿಸ್ಕೊಳಲ್ಲ ಅನ್ನೋ ಮಾತು ಸುಳ್ಳು.

ಗಾಯ ಆಗಿರೋ ನಾಯಿ ಅಂದ್ರೆ ಮಾತ್ರ ಬೇಗ ಬರ್ತಾರೆ, ಬರೋವರೆಗೂ ಬಾಯಿಗೆ ಬಲವಂತವಾಗಿ ನೀರು ಹಾಕ್ಬೇಡಿ, ಮುಖದ ಹತ್ರ ಕೈ ತಗೊಂಡು ಹೋಗ್ಬೇಡಿ ಅಂತ ಫೋನ್‌ನಲ್ಲೇ ಹೇಳ್ತಾರೆ, ನೋವಲ್ಲಿರೋ ನಾಯಿ ಎಷ್ಟೇ ಸಾಧು ಆಗಿದ್ರೂ ಕಚ್ಚತ್ತೆ. ಕಚ್ಚಿದ್ರೆ ಸೋಪು ನೀರಲ್ಲಿ 15 ನಿಮಿಷ ಬಿಡದೇ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ರೇಬೀಸ್ ಲಕ್ಷಣ ಒಂದ್ಸಲ ಶುರುವಾದ್ರೆ ಬದುಕೋದು ಹೆಚ್ಚುಕಮ್ಮಿ ಇಲ್ವೇ ಇಲ್ಲ, ಆದ್ರೆ ಅದಕ್ಕೂ ಮುಂಚೆ ಸರಿಯಾಗಿ ಇಂಜೆಕ್ಷನ್ ತಗೊಂಡ್ರೆ ಪೂರ್ತಿ ತಡೀಬಹುದು. ರೆಗ್ಯುಲರ್ ಆಗಿ ಪ್ರಾಣಿ ಹಿಡಿಯೋ ವಾಲಂಟಿಯರ್‌ಗಳಿಗೆ ಮುಂಚಿತವಾಗೇ ರೇಬೀಸ್ ಇಂಜೆಕ್ಷನ್ ಆಗಿರ್ಲೇಬೇಕು ಅಂತ ಇವ್ರು ರೂಲ್ ಮಾಡಿದಾರೆ, ಈ ರೂಲ್ ಎಲ್ಲಾ ಶೆಲ್ಟರ್‌ನಲ್ಲೂ ಇರ್ಬೇಕು ಅಂತ ನನ್ನ ಆಸೆ.

ಫಾಸ್ಟರ್ ಆಗೋಕೆ ಫಾರ್ಮ್ ತುಂಬ್ಸಿ ಮನೆ ನೋಡೋಕೆ ಬರ್ತಾರೆ. ಕಿಟಕಿಗೆ ಬಲೆ ಇದ್ಯಾ, ಬಾಲ್ಕನಿ ಇದ್ಯಾ, ಮನೇಲಿ ಬೇರೆ ಪ್ರಾಣಿ ಇದ್ರೆ ಲಸಿಕೆ ಆಗಿದ್ಯಾ, ಮನೇಲಿ ಎಲ್ರಿಗೂ ಒಪ್ಪಿಗೆ ಇದ್ಯಾ ಅಂತ ಕೇಳ್ತಾರೆ. ಲಿಲ್ಲಿ ಗಿಡ ಇದ್ರೆ ಬೆಕ್ಕು ಕೊಡಲ್ಲ, ಯಾಕಂದ್ರೆ ಲಿಲ್ಲಿಯ ಎಲೆ ಹೂವು ಮಾತ್ರ ಅಲ್ಲ, ಮೈ ಮೇಲೆ ಬಿದ್ದ ಪರಾಗ ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಹೋಗತ್ತೆ. ಗೊತ್ತಿರೋರೊಬ್ರ ಮನೇಲಿ ಸ್ವಲ್ಪ ತಿಂಗಳ ಹಿಂದೆ ನಾಯಿ ಮರಿಗೆ ಪಾರ್ವೋ (ವಾಂತಿ ಭೇದಿ ಆಗಿ ಜೀವ ತೆಗೆಯೋ ವೈರಸ್ ಕಾಯಿಲೆ) ಬಂದಿತ್ತು, ಅವ್ರು ಎಷ್ಟೇ ಕೇಳ್ಕೊಂಡ್ರೂ ಇವ್ರು ಮರಿ ಕೊಡ್ಲಿಲ್ಲ, ಲಸಿಕೆ ಪೂರ್ತಿ ಆಗಿರೋ ದೊಡ್ಡ ನಾಯಿ ಬೇಕಾದ್ರೆ ತಗೊಂಡು ಹೋಗಿ ಅಂದ್ರು. ಅವ್ರಿಗೆ ಬೇಜಾರಾಯ್ತು, ಆದ್ರೆ ಶೆಲ್ಟರ್ ಮಾಡಿದ್ದೇ ಸರಿ. ಪಾರ್ವೋ ವೈರಸ್ ನೆಲದಲ್ಲಿ ಮಣ್ಣಲ್ಲಿ ತಿಂಗಳುಗಟ್ಲೆ ಬದುಕತ್ತೆ, ಸಾಧಾರಣ ನೆಲ ಒರೆಸೋ ಫಿನಾಯಿಲ್‌ಗೆಲ್ಲಾ ಸಾಯಲ್ಲ, ಬ್ಲೀಚ್ ಅನ್ನ 1 ಭಾಗಕ್ಕೆ 32 ಭಾಗ ನೀರು ಲೆಕ್ಕದಲ್ಲಿ ಕಲಸಿ, ಮೊದಲು ಗಲೀಜೆಲ್ಲಾ ತೊಳೆದು ಆಮೇಲೆ ಬ್ಲೀಚ್ ಹಾಕಿ 10 ನಿಮಿಷ ಹಸಿಯಾಗೇ ಬಿಡ್ಬೇಕು, ಅದೂ ಮಣ್ಣಿನ ಅಂಗಳದಲ್ಲಿ ಕೆಲ್ಸ ಮಾಡಲ್ಲ. 1978ರ ಸುಮಾರಿಗೆ ಈ ಕಾಯಿಲೆ ಮೊದಲು ಗೊತ್ತಾದಾಗ ನಾಯಿಗಳಲ್ಲಿ ಯಾವ ರೋಗನಿರೋಧಕ ಶಕ್ತಿನೂ ಇರ್ಲಿಲ್ಲ, ಅದು ಒಂದೆರಡು ವರ್ಷದಲ್ಲೇ ಪ್ರಪಂಚ ಪೂರ್ತಿ ಹಬ್ಬಿತು. ಇವತ್ತಿಗೂ ಲಸಿಕೆ ಆಗದ ಮರಿಗಳು ಅದಕ್ಕೇ ಸಾಯ್ತಿರೋದು.

ಹೊಸ ಪ್ರಾಣಿ ಮನೆಗೆ ಬಂದ್ರೆ 14 ದಿನ ನಮ್ಮ ಪ್ರಾಣಿಗಳಿಂದ ಪೂರ್ತಿ ಬೇರೆ ಇಡ್ಬೇಕು, ಬೇರೆ ರೂಮು ಬೇರೆ ಬಟ್ಟಲು ಬೇರೆ ಚಪ್ಪಲಿ. ಇದರಲ್ಲಿ ಯಾರಿಗೂ ರಿಯಾಯ್ತಿ ಇಲ್ಲ. ನೋಡೋಕೆ ಚೆನ್ನಾಗೇ ಇದ್ಯಲ್ಲ ಅಂತ ನಮಗೆ ಅನ್ಸತ್ತೆ, ಆದ್ರೆ ಕಾಯಿಲೆ ಒಳಗೆ ಹೋಗಿ ಹೊರಗೆ ಕಾಣೋಕೆ ಒಂದು ವಾರಕ್ಕಿಂತ ಜಾಸ್ತಿನೂ ಆಗಬಹುದು. ಮರಿಗಳಿಗೆ ಲಸಿಕೆ ಒಂದ್ಸಲ ಹಾಕ್ಸಿದ್ರೆ ಆಯ್ತು ಅನ್ನೋರು ತುಂಬಾ ಜನ ಇದಾರೆ, ಅವ್ರಿಗೆ ಇಲ್ಲಿ ಡಾಕ್ಟರ್ ಕೂರ್ಸಿ ಹೇಳ್ತಾರೆ, ತಾಯಿ ಹಾಲಿನಿಂದ ಬಂದ ಆಂಟಿಬಾಡಿ ಇರೋವರೆಗೂ ಲಸಿಕೆ ಸರಿಯಾಗಿ ಕೆಲ್ಸ ಮಾಡಲ್ಲ, ಅದು ಯಾವಾಗ ಕಮ್ಮಿ ಆಗತ್ತೆ ಅಂತ ಒಂದೊಂದು ಮರಿಗೆ ಒಂದೊಂದು ಥರ, ಅದಕ್ಕೇ ಕೆಲವು ವಾರಕ್ಕೊಂದ್ಸಲ ಹಾಕ್ತಾ 16 ವಾರ ದಾಟೋವರೆಗೂ ಮುಂದುವರಿಸೋದು. ಇಷ್ಟು ತಾಳ್ಮೆಯಿಂದ ಹೇಳೋ ಡಾಕ್ಟರ್ ಸಿಗೋದು ಪುಣ್ಯ.

ಈಗ ಬೆಕ್ಕಿನ ಮರಿಗಳು. ಇದರ ಬಗ್ಗೆ ನಾನು ಎಷ್ಟು ಬರೆದ್ರೂ ಸಾಲಲ್ಲ. ಬಿಸಿಲು ಜಾಸ್ತಿ ಇರೋ, ಹಗಲು ಉದ್ದ ಇರೋ ತಿಂಗಳುಗಳಲ್ಲಿ ಶೆಲ್ಟರ್ ತುಂಬಿ ಹೋಗತ್ತೆ, ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬಸಿರಾಗಬಹುದು, ಎರಡು ತಿಂಗಳು ಚಿಲ್ರೆ ದಿನಕ್ಕೆ ಮರಿ ಹಾಕತ್ತೆ, ಇನ್ನೂ ಹಾಲು ಕುಡಿಸ್ತಾ ಇರೋವಾಗ್ಲೇ ಮತ್ತೆ ಬಸಿರಾಗಬಹುದು. ಹಾಗಾಗಿ ಫಾಸ್ಟರ್ ಮನೆಗಳು ಎಷ್ಟಿದ್ರೂ ಸಾಲಲ್ಲ. ನಂಗೆ ಕೊಟ್ಟ ಮರಿಗಳು ಕಣ್ಣೇ ಬಿಟ್ಟಿರ್ಲಿಲ್ಲ. ಜೊತೆಗೆ ಒಂದು ಪೆಟ್ಟಿಗೆ ಕೊಟ್ರು, ಅದರಲ್ಲಿ ಬೆಕ್ಕಿನ ಮರಿಗೆ ಅಂತಾನೇ ಮಾಡಿದ ಹಾಲಿನ ಪುಡಿ, ಸಣ್ಣ ಬಾಟಲಿ, ನಿಪ್ಪಲ್, ಹೀಟಿಂಗ್ ಪ್ಯಾಡ್, ಗ್ರಾಂ ತೋರ್ಸೋ ತಕ್ಕಡಿ, ಬರ್ಕೊಳ್ಳೋಕೆ ಒಂದು ಚಾರ್ಟು, ಎಲ್ಲಾ ಇತ್ತು. ಹಸುವಿನ ಹಾಲು ಕೊಡ್ಲೇಬೇಡಿ, ಭೇದಿ ಆಗಿ ನಿರ್ಜಲೀಕರಣ ಆಗಿ ಹೋಗ್ಬಿಡ್ತಾವೆ ಅಂತ ಮೊದಲೇ ಹೇಳಿದ್ರು. ಕೊಡೋಕೆ ಮುಂಚೆ ಒಬ್ರು ಸ್ಟಾಫ್ ಎದುರಿಗೆ ಕೂರ್ಸಿ ನನ್ನ ಕೈಯಲ್ಲೇ ಒಂದು ಮರಿಗೆ ಹಾಲು ಕುಡಿಸಿ ನೋಡಿದ್ರು. ಮರಿನ ಮನುಷ್ಯರ ಪಾಪು ಥರ ಬೆನ್ನ ಮೇಲೆ ಮಲಗಿಸಬಾರ್ದು, ಹೊಟ್ಟೆ ಕೆಳಗಾಗಿ, ತಾಯಿ ಹತ್ರ ಕುಡಿಯೋವಾಗ ಇರೋ ಭಂಗಿಯಲ್ಲೇ ಇಟ್ಕೋಬೇಕು, ಇಲ್ಲಾಂದ್ರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗತ್ತೆ. ಮೈ ತಣ್ಣಗಿರೋ ಮರಿಗೆ ಯಾವತ್ತೂ ಹಾಲು ಕೊಡಬಾರ್ದು, ಮೊದಲು ನಿಧಾನಕ್ಕೆ ಬೆಚ್ಚಗೆ ಮಾಡ್ಬೇಕು, ತಣ್ಣಗಿರೋ ಹೊಟ್ಟೆಗೆ ಜೀರ್ಣ ಮಾಡೋ ಶಕ್ತಿನೇ ಇರಲ್ಲ. ಈ ಒಂದು ವಿಷಯ ಗೊತ್ತಿಲ್ದೇ ಒಳ್ಳೆ ಮನಸ್ಸಿನ ಜನರ ಕೈಯಲ್ಲೇ ಎಷ್ಟೋ ಮರಿ ಸತ್ತಿವೆ, ದಯವಿಟ್ಟು ನೆನಪಲ್ಲಿ ಇಟ್ಕೊಳ್ಳಿ.

ಮೊದಲ ವಾರ ಎರಡು ಮೂರು ಗಂಟೆಗೊಂದ್ಸಲ ಹಾಲು, ರಾತ್ರಿನೂ ಸೇರಿ. ಮೂರು ವಾರದವರೆಗೂ ಅವುಗಳಿಗೆ ತಾವಾಗೇ ಉಚ್ಚೆ ಕಕ್ಕ ಮಾಡೋಕೆ ಬರಲ್ಲ, ತಾಯಿ ನೆಕ್ಕಿ ಮಾಡಿಸ್ತಾಳೆ, ನಾವು ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಲ್ಲಿ ಮೆಲ್ಲಗೆ ಒರೆಸಿ ಮಾಡಿಸ್ಬೇಕು. ಹುಟ್ಟಿದಾಗ ಸುಮಾರು 100 ಗ್ರಾಂ ಇರ್ತಾವೆ, ದಿನಕ್ಕೆ 10ರಿಂದ 15 ಗ್ರಾಂ ಏರ್ಬೇಕು. ಆ ತಕ್ಕಡಿ ಎಷ್ಟು ಮುಖ್ಯ ಅಂತ ಮೊದಲು ಅರ್ಥ ಆಗಿರ್ಲಿಲ್ಲ, ಕಣ್ಣಿಗೆ ಚೆನ್ನಾಗೇ ಕಾಣೋ ಮರಿ ತೂಕದಲ್ಲಿ ನಿಂತು ಬಿಟ್ಟಿರತ್ತೆ, ಒಂದು ದಿನ ತೂಕ ಏರ್ಲಿಲ್ಲ ಅಂದ್ರೆ ಕಣ್ಣಿಟ್ಟು ನೋಡ್ಬೇಕು, ಇಳೀತು ಅಂದ್ರೆ ಅವತ್ತೇ ಡಾಕ್ಟರ್ ಹತ್ರ ಓಡ್ಬೇಕು. ಒಂದರಿಂದ ಎರಡು ವಾರದ ಒಳಗೆ ಕಣ್ಣು ಬಿಡ್ತಾವೆ, ಆಮೇಲೆ ಕಿವಿ ಎದ್ದು ನಿಲ್ಲತ್ತೆ, ಪುಟಾಣಿ ಹಲ್ಲು ಬರ್ತಾವೆ, ನಾಲ್ಕನೇ ವಾರ ಬಟ್ಟಲಲ್ಲಿ ಮುಖ ಮುಳುಗಿಸ್ಕೊಂಡು ಊಟ ಕಲೀತಾವೆ. ಎರಡನೇ ವಾರದಿಂದ್ಲೇ ಜಂತುಹುಳದ ಔಷಧಿ ಶುರು, ಆಮೇಲೆ ಎರಡು ವಾರಕ್ಕೊಂದ್ಸಲ. ಚಿಗಟ ಇದ್ರೆ ಸಣ್ಣ ಮರಿಗೆ ರಕ್ತಾನೇ ಕಮ್ಮಿ ಆಗಿ ಸಾಯೋ ಅಪಾಯ ಇದೆ, ಹಂಗಂತ ನಾಯಿಗೆ ಹಾಕೋ ಔಷಧಿ ಹಾಕಿದ್ರೂ ಸಾಯ್ತಾವೆ, ಅಂಥ ಎಷ್ಟೋ ಔಷಧಿಲಿ ಇರೋ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಇವೆಲ್ಲಾ ಆ ಚಾರ್ಟಿನ ಹಿಂದುಗಡೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೊಟ್ಟಿದ್ರು, ಗೋಡೆಗೆ ಅಂಟಿಸ್ಕೊಂಡಿದ್ದೆ.

ಒಂದು ಮರಿ ಉಳೀಲಿಲ್ಲ. ಇದನ್ನ ರಿವ್ಯೂನಲ್ಲಿ ಬರೀಬೇಕಾ ಅಂತ ಯೋಚ್ನೆ ಮಾಡ್ದೆ, ಬರೀಲೇಬೇಕು ಅನ್ಸ್ತು. ಕೊಡೋ ದಿನಾನೇ ಅವ್ರು ಹೇಳಿದ್ರು, ತಾಯಿ ಇಲ್ದಿರೋ ಇಷ್ಟು ಚಿಕ್ಕ ಮರಿಗಳಲ್ಲಿ ಎಲ್ಲಾ ಉಳಿಯತ್ತೆ ಅಂತ ನಾವು ಮಾತು ಕೊಡಲ್ಲ, ನೀವು ಎಲ್ಲಾ ಸರಿಯಾಗಿ ಮಾಡಿದ್ರೂ ಹೋಗಬಹುದು, ಅದಕ್ಕೆ ರೆಡಿ ಇದ್ರೆ ಮಾತ್ರ ತಗೊಂಡು ಹೋಗಿ ಅಂತ. ಸಂಜೆವರೆಗೂ ಕುಡೀತಿದ್ದ ಮರಿ ರಾತ್ರಿ ಬಾಟಲಿ ಬೇಡ ಅಂತು, ಮೈ ಸಡಿಲ ಆಗೋಕೆ ಶುರುವಾಯ್ತು, ಬೆಚ್ಚಗೆ ಇಟ್ಕೊಂಡು ಶೆಲ್ಟರ್ ನಂಬರ್‌ಗೆ ಮೇಲಿಂದ ಮೇಲೆ ಫೋನ್ ಮಾಡಿದ್ರೂ ಯಾರೂ ಎತ್ಲಿಲ್ಲ. ಆ ಒಂದು ಸ್ಟಾರ್ ಹೋಗಿದ್ದು ಇಲ್ಲೇ. ಹಗಲು ಹೊತ್ತಲ್ಲಿ ಇಷ್ಟು ಚೆನ್ನಾಗಿರೋ ವ್ಯವಸ್ಥೆ ರಾತ್ರಿ ಹೊತ್ತು ಒಬ್ಬ ವಾಲಂಟಿಯರ್‌ನ ಮೊಬೈಲ್ ಮೇಲೆ ನಿಂತಿತ್ತು, ಆ ಮೊಬೈಲ್ ಚಾರ್ಜ್ ಇಲ್ದೇ ಆಫ್ ಆಗಿದ್ರೆ ಫಾಸ್ಟರ್‌ಗೆ ದಿಕ್ಕಿಲ್ಲ. ಫೋನ್ ಎತ್ತಿದ್ರೂ ಮರಿ ಉಳೀತಿತ್ತು ಅಂತ ನಾನು ಹೇಳ್ತಿಲ್ಲ, ಡಾಕ್ಟರ್ ಕೂಡ ಇಷ್ಟು ಚಿಕ್ಕ ಮರಿ ಒಂದ್ಸಲ ಹಿಂಗೆ ಕುಸಿದ್ರೆ ವಾಪಸ್ ತರೋದು ತುಂಬಾ ಕಷ್ಟ ಅಂದ್ರು. ಆದ್ರೆ ಅಂಥ ರಾತ್ರಿ ಆ ಕಡೆಯಿಂದ ಒಂದು ದನಿ ಬೇಕು. ಫಾಸ್ಟರ್ ಮಾಡೋರು ಡಾಕ್ಟರ್‌ಗಳಲ್ಲ, ಮೂಕ ಜೀವ ಕೈಯಲ್ಲಿ ಇಟ್ಕೊಂಡು ಒಬ್ರೇ ಕೂತಿರೋ ಸಾಮಾನ್ಯ ಜನ. ಬೆಳಗ್ಗೆ ಹೋಗಿ ಇದನ್ನ ನೇರವಾಗೇ ಹೇಳ್ದೆ, ಅವ್ರು ವಾದ ಮಾಡ್ಲಿಲ್ಲ, ಈಗ ರಾತ್ರಿಗೆ ಎರಡು ನಂಬರ್ ಕೊಡ್ತಾರೆ, ವಾರದ ಕೊನೆ ದಿನಗಳಲ್ಲಿ ಮಾತ್ರ ಇನ್ನೂ ಸರಿ ಹೋಗಿಲ್ಲ. ಮಿಕ್ಕ ಮರಿಗಳೆಲ್ಲಾ ಉಳಿದ್ವು, ದೊಡ್ಡವಾದ್ವು, ಎಂಟು ವಾರ ದಾಟಿ ಒಂದು ಕೇಜಿ ಹತ್ರ ಬಂದ ಮೇಲೆ ಮುಂದೆ ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿ, ಜೋಡಿ ಜೋಡಿಯಾಗೇ ಮನೆಗೆ ಕಳಿಸಿದ್ರು. ಜೋಡಿ ಯಾಕೆ ಅಂದ್ರೆ ಒಂಟಿ ಮರಿಗೆ ಆಟದಲ್ಲಿ ಎಷ್ಟು ಜೋರಾಗಿ ಕಚ್ಚಬಹುದು ಅಂತ ಹೇಳ್ಕೊಡೋಕೆ ಇನ್ನೊಂದು ಮರಿ ಬೇಕು, ಮನುಷ್ಯರ ಕೈ ಆ ಕೆಲ್ಸ ಮಾಡಲ್ಲ.

ನಾಯಿಗಳ ವಿಷಯ ಬೇರೆ ಥರ. ಶೆಲ್ಟರ್ ಎಷ್ಟೇ ಚೆನ್ನಾಗಿದ್ರೂ ನಾಯಿಗೆ ಅದು ಗದ್ದಲ, ಹೊಸ ವಾಸನೆ, ಹಗಲೂ ರಾತ್ರಿ ಬೊಗಳೋ ಸದ್ದು. ಅಮೆರಿಕದ ಶೆಲ್ಟರ್‌ಗಳಲ್ಲಿ ಮಾಡಿ 2019ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ, ನಾಯಿಗಳನ್ನ ಒಂದೆರಡು ರಾತ್ರಿ ಯಾರದ್ದಾದ್ರೂ ಮನೇಲಿ ಮಲಗಿಸಿದ್ರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿಯತ್ತೆ, ವಾಪಸ್ ಶೆಲ್ಟರ್‌ಗೆ ಬಂದ ಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ ಹೋಗತ್ತೆ, ಆದ್ರೆ ಅದಕ್ಕಿಂತ ಮೇಲೆ ಹೋಗಲ್ಲ ಅಂತ ಗೊತ್ತಾಯ್ತು. ಅಂದ್ರೆ ಮನೆಗೆ ಕರ್ಕೊಂಡು ಹೋಗಿ ವಾಪಸ್ ಬಿಟ್ರೆ ಪಾಪ ಇನ್ನೂ ಜಾಸ್ತಿ ನೋವಾಗತ್ತೆ ಅಂತ ಹೆದರಿ ಸುಮ್ನಿರೋರು ಧೈರ್ಯವಾಗಿ ಕರ್ಕೊಂಡು ಹೋಗಬಹುದು. ಈ ಶೆಲ್ಟರ್ ಕೂಡ ವಾರದ ಕೊನೇಲಿ ಎರಡು ರಾತ್ರಿ ಫಾಸ್ಟರ್ ಅಂತ ಶುರು ಮಾಡಿದಾರೆ, ತಿಂಗಳುಗಟ್ಲೆ ಇಟ್ಕೊಳ್ಳೋಕೆ ಆಗದೋರಿಗೆ ಇದು ಒಳ್ಳೇದು, ನಾಯಿ ಮನೇಲಿ ಹೆಂಗಿರತ್ತೆ ಅಂತ ಶೆಲ್ಟರ್‌ಗೂ ಗೊತ್ತಾಗತ್ತೆ.

ಕರಿಯ ಅಂತ ಒಂದು ದೊಡ್ಡ ಕಪ್ಪು ನಾಯಿ ಬಂತು ನಮ್ಮನೆಗೆ. ಅದರ ಕಾರ್ಡಲ್ಲಿ ಬರ್ದಿದ್ದು ಹಿಂಗೆ: ಪೊರಕೆ ಎತ್ತಿದ್ರೆ ನಡುಗ್ತಾನೆ, ಊಟ ಮಾಡೋವಾಗ ಹತ್ರ ಹೋದ್ರೆ ಗುರ್ ಅಂತಾನೆ, ಒಂದ್ಸಲ ಸ್ಟಾಫ್ ಕೈಗೆ ಹಲ್ಲು ತಗುಲಿಸಿದಾನೆ, ಚಿಕ್ಕ ಮಕ್ಕಳಿರೋ ಮನೆಗೆ ಬೇಡ. ಇಷ್ಟು ಬರೆದ್ರೆ ಯಾರು ತಗೋತಾರೆ ಅಂತ ಅನ್ನಿಸಬಹುದು, ಆದ್ರೆ ಇಷ್ಟು ಬರ್ದಿದ್ರಿಂದ್ಲೇ ಅವನನ್ನ ಸರಿಯಾಗಿ ನೋಡ್ಕೊಳ್ಳೋಕೆ ಆಯ್ತು. ಗುರ್ ಅಂದ್ರೆ ಬೈಬೇಡಿ ಅಂತ ಟ್ರೈನರ್ ಹೇಳಿದ್ರು, ಗುರ್ ಅನ್ನೋದು ನಾಯಿ ಕೊಡೋ ಎಚ್ಚರಿಕೆ, ಬೈದು ಅದನ್ನ ನಿಲ್ಲಿಸಿದ್ರೆ ಮುಂದಿನ ಸಲ ಎಚ್ಚರಿಕೆ ಕೊಡದೇ ಕಚ್ಚತ್ತೆ. ದೂರದಿಂದ ಹೋಗ್ತಾ ಬಟ್ಟಲಿಗೆ ಒಂದು ಒಳ್ಳೆ ತುಂಡು ಎಸೆದು ಹೋಗ್ಬೇಕು, ಮನುಷ್ಯ ಹತ್ರ ಬಂದ್ರೆ ಊಟ ಹೋಗಲ್ಲ, ಇನ್ನೂ ಸಿಗತ್ತೆ ಅಂತ ಅದಕ್ಕೆ ಅರ್ಥ ಆಗ್ಬೇಕು. ರೆಸ್ಕ್ಯೂನಲ್ಲಿ ಇರೋರು ಮೂರು ದಿನ ಮೂರು ವಾರ ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳ್ತಾರೆ, ಮೊದಲ ಮೂರು ದಿನ ಭಯ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ಇದು ನಂದೇ ಮನೆ ಅನ್ನೋ ನಂಬಿಕೆ. ಎಲ್ಲಾ ನಾಯಿಗೂ ಇದೇ ಲೆಕ್ಕ ಅಲ್ಲ, ಕರಿಯ ಮೊದಲ ವಾರ ಪೂರ್ತಿ ಸೋಫಾ ಹಿಂದೆನೇ ಇದ್ದ, ಅವನ ಪಾಡಿಗೆ ಬಿಟ್ವಿ, ಮುಟ್ಟೋಕೆ ಹೋಗ್ಲಿಲ್ಲ, ನೆಂಟರನ್ನ ಕರೀಲಿಲ್ಲ. ಒಂದಿನ ಅವನಾಗೇ ಬಂದು ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದ.

ಅವನನ್ನ ಮೊದಲು ತಗೊಂಡ ಮನೆಯೋರು ಕೆಲವು ವಾರಕ್ಕೆ ವಾಪಸ್ ತಂದು ಬಿಟ್ರು, ಅವ್ರ ಮನೇಲಿ ಒಂದು ಬೆಕ್ಕಿತ್ತು, ಕರಿಯ ಅದನ್ನ ಬಿಡದೇ ಅಟ್ಟಾಡಿಸ್ತಿದ್ನಂತೆ. ಅವತ್ತು ನಾನು ಅಲ್ಲೇ ಇದ್ದೆ, ಆ ಹೆಂಗಸು ಅಳ್ತಾ ನಿಂತಿದ್ರು, ಶೆಲ್ಟರ್‌ನೋರು ಒಂದು ಮಾತೂ ಬೈಲಿಲ್ಲ. ಕೂರ್ಸಿ ನೀರು ಕೊಟ್ಟು, ಏನೇನಾಯ್ತು, ಕಾರಲ್ಲಿ ಹೆಂಗಿದ್ದ, ಒಂಟಿ ಬಿಟ್ರೆ ಏನ್ಮಾಡ್ತಿದ್ದ, ರಾತ್ರಿ ಎಲ್ಲಿ ಮಲಗ್ತಿದ್ದ ಎಲ್ಲಾ ಕೇಳಿ ಬರ್ಕೊಂಡ್ರು. ಕಾರ್ಡಿಗೆ ಬೆಕ್ಕು ಬೇಡ ಅನ್ನೋದು ಸೇರ್ತು, ಜೊತೆಗೆ ಒಂಟಿ ಬಿಟ್ರೂ ಶಾಂತವಾಗಿರ್ತಾನೆ, ಕಾರಂದ್ರೆ ಪ್ರಾಣ ಅನ್ನೋದೂ ಸೇರ್ತು. ಈಗ ಅವನಿರೋದು ಮಕ್ಕಳೆಲ್ಲಾ ದೊಡ್ಡವರಾಗಿರೋ ಒಂದು ಮನೇಲಿ, ಬೆಕ್ಕಿಲ್ಲ, ದಿನಾ ಕಾರಲ್ಲಿ ಸುತ್ತಾಟ. ವಾಪಸ್ ತಂದವರನ್ನ ಪಾಪಿಗಳು ಅಂತ ನೋಡೋ ಶೆಲ್ಟರ್‌ಗಳು ಇವೆ, ನಂಗೆ ಅದು ಸ್ವಲ್ಪಾನೂ ಒಪ್ಪಿಗೆ ಇಲ್ಲ, ಬೈದ್ರೆ ಮುಂದಿನೋರು ವಾಪಸ್ ತರೋದೇ ಇಲ್ಲ, ರಾತ್ರಿ ಹೊತ್ತು ಯಾವ್ದೋ ರಸ್ತೆ ಬದೀಲಿ ಬಿಟ್ಟು ಹೋಗ್ತಾರೆ. ಇವ್ರ ಒಪ್ಪಂದದಲ್ಲೇ ಇದೆ, ಎಷ್ಟು ವರ್ಷ ಆದ್ಮೇಲಾದ್ರೂ ಸಾಕೋಕೆ ಆಗ್ಲಿಲ್ಲ ಅಂದ್ರೆ ಬೇರೆಯೋರಿಗೆ ಕೊಡೋ ಹಾಗಿಲ್ಲ, ನಮಗೇ ವಾಪಸ್ ಕೊಡಿ ಅಂತ.

ದತ್ತು ಕೊಡೋ ಪ್ರಕ್ರಿಯೆ ನಿಧಾನ, ಇದು ಕೆಲವ್ರ ದೂರು. ಮನೆಯ ಎಲ್ರೂ ಬಂದು ನೋಡ್ಬೇಕು, ಹುಟ್ಟಿದಹಬ್ಬಕ್ಕೆ ಸರ್ಪ್ರೈಸ್ ಗಿಫ್ಟ್ ಅಂದ್ರೆ ಕೊಡಲ್ಲ, ಮನೇಲಿ ನಾಯಿ ಇದ್ರೆ ಅದನ್ನೂ ಕರ್ಕೊಂಡು ಬಂದು ಹೊರಗೆ ಎರಡನ್ನೂ ಜೊತೆಗೆ ವಾಕ್ ಮಾಡ್ಸಿ ನೋಡ್ತಾರೆ. ಬಾಡಿಗೆ ಮನೆಯೋರಿಗೆ ಮೊದಲು ಕೊಡ್ತಾನೇ ಇರ್ಲಿಲ್ಲ, ಅದು ನಂಗೆ ಸರಿ ಅನ್ನಿಸ್ತಿರ್ಲಿಲ್ಲ, ಸ್ವಂತ ಮನೆ ಇದ್ರೆ ಮಾತ್ರ ಪ್ರೀತಿ ಇರತ್ತಾ. ಈಗ ಮನೆ ಮಾಲೀಕರ ಒಪ್ಪಿಗೆ ಪತ್ರ ತಂದ್ರೆ ಸಾಕು ಅಂತ ಬದಲಾಯಿಸಿದಾರೆ, ಸಂತೋಷ. ಆಪರೇಷನ್ ಆಗದೇ ಪ್ರಾಣಿ ಹೊರಗೆ ಹೋಗಲ್ಲ, ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಬರೋ ಪಯೋಮೆಟ್ರಾ ಅದರಿಂದ ತಪ್ಪತ್ತೆ, ಬೇಗ ಮಾಡ್ಸಿದ್ರೆ ಸ್ತನದ ಗಡ್ಡೆ ಬರೋ ಸಾಧ್ಯತೆನೂ ಕಮ್ಮಿ. ಚರ್ಮದ ಕೆಳಗೆ ಅಕ್ಕಿ ಕಾಳಿನಷ್ಟು ಗಾತ್ರದ ಮೈಕ್ರೋಚಿಪ್ ಹಾಕ್ತಾರೆ, ಅದು ಜಿಪಿಎಸ್ ಅಲ್ಲ, ಪ್ರಾಣಿ ಎಲ್ಲಿದೆ ಅಂತ ತೋರ್ಸಲ್ಲ, ಸ್ಕ್ಯಾನರ್ ಇಟ್ರೆ ಒಂದು ನಂಬರ್ ಬರತ್ತೆ ಅಷ್ಟೇ, ಹಾಗಾಗಿ ಆ ನಂಬರ್‌ಗೆ ಹೊಸ ಮನೆಯೋರ ಫೋನ್ ಜೋಡಿಸಿ ರಿಜಿಸ್ಟರ್ ಮಾಡ್ಲಿಲ್ಲ ಅಂದ್ರೆ ಚಿಪ್ ಇದ್ದೂ ಪ್ರಯೋಜನ ಇಲ್ಲ, ಇವ್ರು ಆ ಕೆಲ್ಸ ಕೌಂಟರ್‌ನಲ್ಲೇ ಎದುರಿಗೇ ಮಾಡ್ಸಿ ಕಳಿಸ್ತಾರೆ. ಆಮೇಲೆ ಫೋನ್ ಮಾಡಿ ವಿಚಾರಿಸ್ತಾರೆ, ಮೊದಲ ತಿಂಗಳು ಪದೇ ಪದೇ.

ಪ್ರಾಣಿ ಬಗ್ಗೆ ಪರಿಚಯ ಬರಿಯೋದು, ಫೋಟೋ ತೆಗೆಯೋದು ಫಾಸ್ಟರ್ ಮಾಡಿದೋರ ಕೆಲ್ಸ. ಫ್ಲಾಶ್ ಹಾಕದೇ, ಕಿಟಕಿ ಬೆಳಕಲ್ಲಿ, ನೆಲದ ಮೇಲೆ ಕೂತು ಅದರ ಕಣ್ಣಿನ ಮಟ್ಟದಲ್ಲಿ ತೆಗೀರಿ ಅಂತ ಹೇಳ್ಕೊಡ್ತಾರೆ. ಕಪ್ಪು ಬಣ್ಣದ ಪ್ರಾಣಿಗೆ ಇದು ಇನ್ನೂ ಮುಖ್ಯ, ಕತ್ತಲಲ್ಲಿ ತೆಗೆದ್ರೆ ಮುಖದ ಭಾವನೆ ಏನೂ ಕಾಣಲ್ಲ. ನಾವು ಬರೆದದ್ದನ್ನ ತಿದ್ದಿ ಚಂದ ಮಾಡಲ್ಲ, ಮುದ್ದು ಮುದ್ದು ಮಾತು ತುಂಬಿ ತೊಂದರೆ ಬಿಟ್ರೆ ವಾಪಸ್ ಕಳಿಸಿ ಮತ್ತೆ ಬರೆಸ್ತಾರೆ. ದತ್ತು ತಗೊಳ್ಳೋರ ಜೊತೆ ನಮ್ಮನ್ನ ಮಾತಾಡೋಕೂ ಬಿಡ್ತಾರೆ, ಬೇಡ ಅಂತ ಅನ್ಸಿದ್ರೆ ನಮ್ಮ ಮಾತಿಗೆ ಬೆಲೆ ಇದೆ.

ಎಲ್ರೂ ಕೇಳೋ ಪ್ರಶ್ನೆ, ಬಿಟ್ಟು ಕೊಡೋವಾಗ ಹೊಟ್ಟೆ ಉರಿಯಲ್ವಾ ಅಂತ. ಉರಿಯತ್ತೆ. ಪ್ರತಿಸಲಾನೂ ಅತ್ತಿದೀನಿ, ಮರಿಗಳು ಹೋದ ರಾತ್ರಿ ಎರಡು ಗಂಟೆಗೆ ಹಾಲಿನ ಟೈಮ್ ಆಯ್ತು ಅಂತ ತಾನಾಗೇ ಎಚ್ಚರ ಆಗತ್ತೆ. ಇಟ್ಕೊಂಡುಬಿಡೋಣ ಅಂತ ಅನ್ಸಿದ್ರೆ ಶೆಲ್ಟರ್‌ನೋರು ತಡೆಯಲ್ಲ, ಫಾಸ್ಟರ್ ಮಾಡಿದೋರಿಗೇ ಮೊದಲ ಅವಕಾಶ, ಆದ್ರೆ ಒಂದೆರಡು ದಿನ ಯೋಚ್ನೆ ಮಾಡಿ ಹೇಳಿ ಅಂತಾರೆ, ಇದನ್ನ ಇಟ್ಕೊಂಡ ಮೇಲೂ ಇನ್ನೊಂದಕ್ಕೆ ಜಾಗ ಇರತ್ತಾ ನೋಡಿ ಅಂತ. ನಾನು ಇಟ್ಕೊಂಡಿಲ್ಲ, ಇಟ್ಕೊಂಡೋರನ್ನ ತಪ್ಪು ಅನ್ನಲ್ಲ. ನಮ್ಮನೆ ರೂಮು ಖಾಲಿ ಆದ್ರೆ ಅಲ್ಲಿ ಪಂಜರದಲ್ಲಿ ಕಾಯ್ತಿರೋ ಇನ್ನೊಂದು ಜೀವ ಬರಬಹುದು ಅನ್ನೋದು ನನ್ನ ಲೆಕ್ಕ.

ಸೇರೋಕೆ ಮನಸ್ಸಿರೋರಿಗೆ ಕೊನೇದಾಗಿ ಒಂದೆರಡು ವಿಷಯ. ಯಾವ್ದೇ ಶೆಲ್ಟರ್ ಆದ್ರೂ ಸೈನ್ ಮಾಡೋಕೆ ಮುಂಚೆ ರಾತ್ರಿ ಯಾರು ಫೋನ್ ಎತ್ತುತಾರೆ, ವಾರದ ಕೊನೆ ಡಾಕ್ಟರ್ ಯಾರು, ಎಮರ್ಜೆನ್ಸಿಲಿ ಬೇರೆ ಆಸ್ಪತ್ರೆಗೆ ಹೋದ್ರೆ ಬಿಲ್ ಯಾರು ಕಟ್ತಾರೆ ಅಂತ ಬಾಯಿಬಿಟ್ಟು ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ಇವ್ರ ಹತ್ರ ಮುದ್ದು ಮರಿಗಳಿಗೆ ಜನ ಬೇಗ ಸಿಕ್ತಾರೆ, ಕಾಯ್ತಾ ಉಳಿಯೋದು ವಯಸ್ಸಾದ ನಾಯಿಗಳು ಮತ್ತೆ ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸೋ ವೈರಸ್) ಪಾಸಿಟಿವ್ ಬೆಕ್ಕುಗಳು. ಎಫ್‌ಐವಿ ಅಂದ ತಕ್ಷಣ ಹೆದರ್ಕೋತಾರೆ, ಅದು ಮನುಷ್ಯರಿಗೆ ಬರೋದೇ ಇಲ್ಲ, ಬೆಕ್ಕಿಂದ ಬೆಕ್ಕಿಗೆ ಮುಖ್ಯವಾಗಿ ಆಳವಾಗಿ ಕಚ್ಚಿದ ಗಾಯದಿಂದ ಹರಡತ್ತೆ, ಜಗಳ ಆಡದ ಬೆಕ್ಕುಗಳು ಒಂದೇ ಮನೇಲಿ ಇರಬಹುದು, ಎಷ್ಟೋ ಬೆಕ್ಕು ಅದನ್ನ ಇಟ್ಕೊಂಡೇ ವರ್ಷಾನುಗಟ್ಲೆ ಆರಾಮಾಗಿ ಬದುಕ್ತಾವೆ. ವಯಸ್ಸಾದ ನಾಯಿಗೆ ಬೇಕಿರೋದು ಮೆತ್ತನೆ ಹಾಸಿಗೆ, ಜಾರದ ನೆಲ, ಹೊತ್ತು ಹೊತ್ತಿಗೆ ಮಾತ್ರೆ, ದಿನಕ್ಕೆರಡು ಸಲ ನಿಧಾನವಾದ ವಾಕ್, ರಾತ್ರಿ ಎಬ್ಬಿಸಲ್ಲ, ಚಪ್ಪಲಿ ಕಚ್ಚಲ್ಲ. ಕೆಲ್ಸಕ್ಕೆ ಹೋಗಿ ಬರೋರಿಗೆ ಇದಕ್ಕಿಂತ ಸುಲಭದ ಫಾಸ್ಟರ್ ಇಲ್ಲ ಅಂತ ನನ್ನ ಅನುಭವ. ಫಾರ್ಮ್‌ನಲ್ಲಿ ಯಾವ ಪ್ರಾಣಿ ಅಂತ ಕೇಳೋ ಕಡೆ ವಯಸ್ಸಾದ್ದು ಅನ್ನೋದಕ್ಕೂ ಟಿಕ್ ಹಾಕಿ, ಆ ಪಟ್ಟಿಯಲ್ಲಿ ಹೆಸರು ಕಮ್ಮಿ ಇರೋದ್ರಿಂದ ಅವತ್ತೇ ಫೋನ್ ಬಂದ್ರೂ ಬರಬಹುದು.